ರಿಬ್ಬನ್ ಸೊಟ್ಟಗಾಗೋದು ಕೈಯ ತಪ್ಪಲ್ಲ: ಹೇರ್ ಕ್ಲಿಪ್‌ಗೆ ಮನೆಯಲ್ಲೇ ಮಾಡಿಕೊಳ್ಳುವ ಒಂದು ‘ನಾಲಿಗೆ’

ಪ್ರಶ್ನೆ: ಅಕ್ಕಾ, ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಮಗಳಿಗೆ ಅಂತ ಹೇರ್ ಕ್ಲಿಪ್ ಮಾಡಲು ಶುರು ಮಾಡಿದೆ. ಈಗ ನಮ್ಮ ಬಿಲ್ಡಿಂಗ್‌ನ 12 ಹುಡುಗಿಯರಿಗೆ ನವರಾತ್ರಿಯ ಒಂಬತ್ತೂ ಬಣ್ಣದಲ್ಲಿ ಒಂದೊಂದು ಜೋಡಿ ಬೇಕಂತೆ. ಮೇಲಿನ ಬೋ ಚೆನ್ನಾಗಿಯೇ ಬರುತ್ತದೆ. ಆದರೆ ಕಬ್ಬಿಣದ ಕ್ಲಿಪ್‌ಗೆ ರಿಬ್ಬನ್ ಸುತ್ತುವಾಗ ಸೊಟ್ಟಗಾಗುತ್ತದೆ, ಬಾಯಿಯ ಒಳಗೆ ಗಮ್ ಮುದ್ದೆಯಾಗುತ್ತದೆ, ಬೆರಳು ಸುಡುತ್ತದೆ. ಇದಕ್ಕೆ ಏನಾದರೂ ಸಾಧನ ಸಿಗುತ್ತದಾ? ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಬಹುದು ತಂಗಿ. ಐಸ್‌ಕ್ರೀಮ್ ಕಡ್ಡಿ ಸಾಕು. ಕೊಂಡು ತರುವ ಸಾಧನಕ್ಕಿಂತ ಇದೇ ಮೇಲು ಅನ್ನುತ್ತೇನೆ, ಯಾಕಂದ್ರೆ ನಿಮ್ಮ ಕೈಲಿರುವ ಕ್ಲಿಪ್‌ನ ಅಳತೆಗೆ ಸರಿಯಾಗಿ ಮಾಡಿಕೊಳ್ಳಬಹುದು.

ಮೊದಲು ಒಂದು ಮಾತು. ರಿಬ್ಬನ್ ಸೊಟ್ಟಗಾಗುತ್ತಿರುವುದು ನಿಮಗೆ ಕೈ ಪಳಗಿಲ್ಲ ಅಂತಲ್ಲ. ಏನೇನು ನಡೆಯುತ್ತಿದೆ ನೋಡಿ. ಎಡಗೈಯಲ್ಲಿ ಕ್ಲಿಪ್‌ನ ಬಾಲ ಒತ್ತಿ ಬಾಯಿ ತೆರೆದು ಹಿಡಿಯಬೇಕು. ಬಲಗೈಯಲ್ಲಿ ರಿಬ್ಬನ್‌ನ ತುದಿ ಒಳಗೆ ತೂರಿಸಬೇಕು. ಅದೇ ಹೊತ್ತಿಗೆ ಯಾರಾದರೂ ಒಳಗಿನಿಂದ ಒತ್ತಿ ಹಿಡಿಯಬೇಕು. ಎರಡು ಕೈಗೆ ಮೂರು ಕೆಲಸ. ಕ್ಲಿಪ್ ಒಂದು ಸ್ವಲ್ಪ ಹೊರಳಿದರೂ ರಿಬ್ಬನ್ ಓರೆಯಾಯಿತು ಅಂತಲೇ. ನಮಗೆ ಬೇಕಾಗಿರುವುದು ಆ ಮೂರನೆಯ ಕೈ.

ಆ ಮೂರನೆಯ ಕೈ ಕ್ಲಿಪ್‌ನಲ್ಲೇ ಇದೆ! ಅದರ ಸ್ಪ್ರಿಂಗ್. ಬಾಯಿ ತೆರೆದು ಹಿಡಿಯಲು ಅಷ್ಟು ಒದ್ದಾಡುತ್ತೇವಲ್ಲ, ಅದೇ ಸ್ಪ್ರಿಂಗ್‌ನಿಂದ ರಿಬ್ಬನ್ ಒತ್ತಿಸಿಕೊಂಡರೆ ಆಯಿತು. ಒಂದು ಮರದ ನಾಲಿಗೆ, ಅದರ ಮೇಲೆ ರಿಬ್ಬನ್, ಎರಡನ್ನೂ ಸೇರಿಸಿ ಕಚ್ಚಿಕೊಳ್ಳುವ ಕ್ಲಿಪ್. ಸಾಧನ ಅಂದರೆ ಇಷ್ಟೇ.

ನೀವು ಹೇಳಿದ ರೀತಿ ನೋಡಿದರೆ ನಿಮ್ಮದು ಅಲಿಗೇಟರ್ ಕ್ಲಿಪ್. ಒಂದು ಕಡೆ ಉದ್ದಕ್ಕೂ ಚಪ್ಪಟೆ ಪಟ್ಟಿ, ಇನ್ನೊಂದು ಕಡೆ ಹಲ್ಲಿರುವ ದವಡೆ, ಹಿಂದೆ ಒತ್ತುವ ಬಾಲ. ಅಂಗಡಿಗಳಲ್ಲಿ 35, 45, 55 ಮಿ.ಮೀ. ಹೀಗೆ ಅಳತೆ ಹೇಳಿ ಕೊಡುತ್ತಾರೆ. ಮಕ್ಕಳ ತಲೆಗೆ 45 ಚೆನ್ನಾಗಿ ಕೂರುತ್ತದೆ. ಕೆಳಗೆ ಕೊಟ್ಟಿರುವುದೆಲ್ಲ 45ರ ಲೆಕ್ಕ.

ರಿಬ್ಬನ್‌ನ ದಾರಿ ಹೀಗೆ: ಬಾಯಿಯ ಒಳಗೆ, ಚಪ್ಪಟೆ ಪಟ್ಟಿಯ ಒಳಮೈಯಲ್ಲಿ, ಸ್ಪ್ರಿಂಗ್‌ನ ಹತ್ತಿರ ಶುರು. ಮುಂದಕ್ಕೆ ಬಂದು ತುದಿ ಸುತ್ತಿ ಹೊರಮೈಗೆ ಹೊರಳುತ್ತದೆ. ಅಲ್ಲಿಂದ ಬಾಲದವರೆಗೂ ನೇರ ಹೋಗಿ, ಬಾಲದ ತುದಿ ದಾಟಿ ಒಳಕ್ಕೆ ಮಡಚಿಕೊಳ್ಳುತ್ತದೆ. ನನ್ನ ಹತ್ತಿರ ಇರುವ ಕ್ಲಿಪ್‌ನಲ್ಲಿ ಒಳಗೆ 25 ಮಿ.ಮೀ., ಹೊರಗೆ 45, ಬಾಲದ ಮಡಿಕೆಗೆ 12, ತಿರುವುಗಳಿಗೆ 3. ಒಟ್ಟು 85. ನಿಮ್ಮದು ಬೇರೆ ಅಂಗಡಿಯ ಮಾಲಾದರೆ ಎರಡು ಮೂರು ಮಿ.ಮೀ. ಆಚೀಚೆ ಆಗುತ್ತದೆ. ಹಾಗಾಗಿ ಹಳೇ ಕ್ಯಾಲೆಂಡರ್‌ನ ಕಾಗದದಿಂದ ಒಂದು ಪಟ್ಟಿ ಕತ್ತರಿಸಿ, ಇದೇ ದಾರಿಯಲ್ಲಿ ಸುತ್ತಿ, ಬಿಚ್ಚಿ, ಸ್ಕೇಲ್‌ನಲ್ಲಿ ಅಳೆಯಿರಿ. ಆ ಅಳತೆಯ ಮೇಲೆಯೇ ಇಡೀ ಸಾಧನ ನಿಂತಿದೆ. ಈ ಐದು ನಿಮಿಷ ಉಳಿಸಲು ಹೋಗಬೇಡಿ.

ಈಗ ನಾಲಿಗೆ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟ್‌ಗೆ ಅಂತ ಐಸ್‌ಕ್ರೀಮ್ ಕಡ್ಡಿಯ ಕಟ್ಟು ಸಿಗುತ್ತದೆ. ಮಾಮೂಲಿ ಕಡ್ಡಿ ಸುಮಾರು 114 ಮಿ.ಮೀ. ಉದ್ದ, 10 ಅಗಲ, 2 ದಪ್ಪ. ನಮಗೆ ಬೇಕಾದ ರಿಬ್ಬನ್ ಕೂಡ 9 ಅಥವಾ 10 ಮಿ.ಮೀ. ಅಗಲದ್ದೇ. ನಮ್ಮ ಅರ್ಧ ಕೆಲಸವನ್ನು ಕಡ್ಡಿ ಮಾಡಿದವರೇ ಮುಗಿಸಿ ಕೊಟ್ಟ ಹಾಗೆ. ಆರು ಕಡ್ಡಿ ತೆಗೆದುಕೊಳ್ಳಿ. ವಾರೆಯಾಗಿರುವುದನ್ನು ಬಿಟ್ಟುಬಿಡಿ. ಮೇಜಿನ ಮೇಲೆ ಇಟ್ಟು ನೋಡಿದರೆ ಯಾವುದು ವಾರೆ ಅಂತ ಗೊತ್ತಾಗುತ್ತದೆ.

ಒಂದು ಕಡ್ಡಿಯ ತುದಿಯ ದುಂಡನ್ನು ಕತ್ತರಿಸಿ ಚೌಕ ಮಾಡಿ. ಆ ತುದಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಬೇಕು. ಇದನ್ನು ತಾಳ್ಮೆಯಿಂದ ಮಾಡಿ. ಕ್ಲಿಪ್‌ನ ಬಾಯಿ ಮುಂದೆ ಅಗಲ, ಸ್ಪ್ರಿಂಗ್‌ನ ಹತ್ತಿರ ಬಹಳ ಇಕ್ಕಟ್ಟು. 2 ಮಿ.ಮೀ. ದಪ್ಪದ ಕಡ್ಡಿ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಬಲವಂತವಾಗಿ ತೂರಿಸಿದರೆ ಮುಂದೆ ಸಂದು ಬಿಟ್ಟು ಹಿಂದೆ ಮಾತ್ರ ಒತ್ತುತ್ತದೆ, ರಿಬ್ಬನ್‌ನ ಮುಂಭಾಗ ಅಂಟದೆ ಉಳಿಯುತ್ತದೆ. ತುದಿಯಿಂದ 25 ಮಿ.ಮೀ.ವರೆಗೆ ಇಳಿಜಾರಾಗಿ ಉಜ್ಜಿ. ತುದಿಯಲ್ಲಿ ಸುಮಾರು 1 ಮಿ.ಮೀ. ಉಳಿಯಲಿ. ಕೆಳಗಿನ ಮೈಯನ್ನು ಮಾತ್ರ ಉಜ್ಜಿ, ಮೇಲಿನ ಮೈ ಸಪಾಟಾಗಿಯೇ ಇರಲಿ. ನಡುನಡುವೆ ಕ್ಲಿಪ್‌ಗೆ ಕಚ್ಚಿಸಿ ಬೆಳಕಿಗೆ ಹಿಡಿದು ನೋಡುತ್ತಿರಿ. ಪಟ್ಟಿಗೂ ಕಡ್ಡಿಗೂ ನಡುವೆ ಬೆಳಕು ಕಾಣದಿದ್ದರೆ ಸರಿಯಾಯಿತು. ಹಲ್ಲಿನ ದವಡೆ ಕೆಳಗಿನಿಂದ ಮರಕ್ಕೆ ಗುರುತು ಮಾಡುತ್ತದೆ, ಮಾಡಲಿ. ಆ ಗುರುತು ಬಿದ್ದ ಮೇಲೆ ಪ್ರತಿ ಕ್ಲಿಪ್ ಅಲ್ಲೇ ಬಂದು ಕೂರುತ್ತದೆ.

ನಾಲಿಗೆಯ ಮೇಲ್ಮೈಗೆ ಗಮ್ ಅಂಟದ ಕಾಗದ ಬೇಕು. ಅಂಗಡಿಯ ಬಟರ್ ಪೇಪರ್ ಎಲ್ಲವೂ ಒಂದೇ ಅಲ್ಲ, ಕೆಲವಕ್ಕೆ ಬಿಸಿ ಗಮ್ ಕಚ್ಚಿಕೊಂಡುಬಿಡುತ್ತದೆ. ಸ್ಟಿಕರ್ ಕಿತ್ತ ಮೇಲೆ ಉಳಿಯುವ ಜಾರುವ ಕಾಗದ ಇದೆಯಲ್ಲ, ಅದಕ್ಕೆ ಸಿಲಿಕೋನ್ ಲೇಪ ಇರುತ್ತದೆ, ಅದು ಒಳ್ಳೆಯದು. ಸ್ಯಾನಿಟರಿ ಪ್ಯಾಡ್‌ನ ಹಿಂದೆ ಬರುವ ಕಾಗದದ ಪಟ್ಟಿಯೂ ಇದೇ ಜಾತಿ. ಪ್ರತಿ ತಿಂಗಳು ಸುಮ್ನೆ ಕಸಕ್ಕೆ ಹೋಗುತ್ತದೆ, ಎತ್ತಿಡಿ. ಜಾರುವ ಮೈ ಹೊರಗೆ ಬರುವ ಹಾಗೆ ನಾಲಿಗೆಯ ತುದಿಗೆ ಒಂದು ಸುತ್ತು ಹಾಕಿ, ಅದರ ಅಂಚನ್ನು ಕೆಳಗಡೆ ಟೇಪ್‌ನಿಂದ ಹಿಡಿಸಿ. 30 ಕ್ಲಿಪ್ ಆದ ಮೇಲೆ ಬದಲಾಯಿಸಿದರೆ ಆಯಿತು.

ಇನ್ನು ಕೂರಿಸುವ ಮಣೆ. ಬಡಗಿಯ ಹತ್ತಿರ ಬಿದ್ದಿರುವ ಪ್ಲೈವುಡ್ ಚೂರು, ಸುಮಾರು 10 ಸೆಂ.ಮೀ. ಉದ್ದ 5 ಸೆಂ.ಮೀ. ಅಗಲ ಇದ್ದರೆ ಸಾಕು. ನಾಲಿಗೆಯನ್ನು ಮಣೆಯ ನಡುವೆ, ತುದಿ 30 ಮಿ.ಮೀ. ಹೊರಗೆ ಚಾಚುವ ಹಾಗೆ ಫೆವಿಕಾಲ್‌ನಿಂದ ಅಂಟಿಸಿ. ಅದರಲ್ಲಿ 25 ಮಿ.ಮೀ. ಕ್ಲಿಪ್‌ನ ಬಾಯಿಗೆ, ಉಳಿದ 5 ನಿಮ್ಮ ಬೆರಳಿಗೆ. ನಾಲಿಗೆಯ ಎರಡೂ ಪಕ್ಕ, ಮಣೆಯ ಮೇಲೆ, ಎರಡೆರಡು ಕಡ್ಡಿ ಒಂದರ ಮೇಲೊಂದು ಅಂಟಿಸಿ. ಈಗ ನಡುವೆ ರಿಬ್ಬನ್ ಮಲಗುವಷ್ಟೇ ಅಗಲದ ಒಂದು ಓಣಿ ಆಯಿತು. ಗೋಡೆ ಅಂಟಿಸುವಾಗ ನಾಲಿಗೆಗೂ ಗೋಡೆಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನಿಲ್ಲಿಸಿ, ಗಮ್ ಹಿಡಿದ ಮೇಲೆ ಎಳೆದುಬಿಡಿ. ಅಷ್ಟು ಸಡಿಲ ಇಲ್ಲದಿದ್ದರೆ ರಿಬ್ಬನ್‌ನ ಅಂಚು ಮುದುರುತ್ತದೆ.

ಕೊನೆಗೆ ತಡೆ. ನಾಲಿಗೆಯ ತುದಿಯಿಂದ ಸರಿಯಾಗಿ 85 ಮಿ.ಮೀ. ಅಳೆದು, ಅಥವಾ ನಿಮ್ಮ ಕಾಗದದ ಪಟ್ಟಿ ಎಷ್ಟು ಹೇಳಿತೋ ಅಷ್ಟು, ಓಣಿಗೆ ಅಡ್ಡಲಾಗಿ ಕಡ್ಡಿಯ ಒಂದು ತುಂಡು ಅಂಟಿಸಿ. ಈಗ ಇದು ಅಳತೆಗೋಲೂ ಆಯಿತು. ರಿಬ್ಬನ್‌ನ ಒಂದು ತುದಿಯನ್ನು ತಡೆಗೆ ತಾಗಿಸಿ ಓಣಿಯಲ್ಲಿ ಮಲಗಿಸಿ, ನಾಲಿಗೆಯ ತುದಿಗೆ ಸರಿಯಾಗಿ ಕತ್ತರಿಸಿದರೆ ಎಲ್ಲ ತುಂಡೂ ಒಂದೇ ಉದ್ದ. ರಾತ್ರಿ ಪೂರ್ತಿ ಒಣಗಲಿ. ಆರನೆಯ ಕಡ್ಡಿಯ ಉಳಿದ ಭಾಗವನ್ನು ಬಿಸಾಡಬೇಡಿ, ಅದರ ತುದಿಗೂ ಜಾರುವ ಕಾಗದ ಸುತ್ತಿಡಿ. ಅದು ಒತ್ತುಗೋಲು. ಬೆರಳಿನ ಬದಲು ಅದರಲ್ಲಿ ಒತ್ತಿದರೆ ಕೈ ಸುಡುವುದಿಲ್ಲ.

ಮಣೆಯನ್ನು ಮೇಜಿನ ಅಂಚಿಗೆ ಇಟ್ಟುಕೊಳ್ಳಿ, ನಾಲಿಗೆ ಅಂಚಿನಿಂದ ಹೊರಗಿರಲಿ. ಕ್ಲಿಪ್‌ನ ಕೆಳದವಡೆಗೂ ಬಾಲಕ್ಕೂ ಜಾಗ ಬೇಕಲ್ಲ. ಮಣೆಯ ಹಿಂಭಾಗದ ಮೇಲೆ ಏನಾದರೂ ಭಾರ ಇಡಿ. ನಾನು ಅಮ್ಮನ ಹಳೆಯ ಹಿತ್ತಾಳೆ ಕುಟ್ಟಾಣಿ ಇಡುತ್ತೇನೆ. ಅದು ಊರಿಂದ ಬಂದಾಗಿನಿಂದ ಮೆಣಸು ಕುಟ್ಟಿದ್ದಕ್ಕಿಂತ ಈ ಕೆಲಸ ಮಾಡಿದ್ದೇ ಜಾಸ್ತಿ.

ಕೆಲಸದ ಕ್ರಮ ಹೇಳುತ್ತೇನೆ. ರಿಬ್ಬನ್ ತುಂಡನ್ನು ಓಣಿಯಲ್ಲಿ ಮಲಗಿಸಿ, ಚಂದದ ಮೈ ಕೆಳಗೆ. ಒಂದು ತುದಿ ತಡೆಗೆ, ಇನ್ನೊಂದು ನಾಲಿಗೆಯ ತುದಿಗೆ ಸರಿಸಮ. ಕ್ಲಿಪ್‌ನ ಬಾಯಿಗೆ ಹೋಗುವ ತುದಿಯ 25 ಮಿ.ಮೀ.ಗೆ ಮಾತ್ರ ಗಮ್‌ನ ಒಂದು ತೆಳು ಗೆರೆ ಎಳೆದು ಟೂತ್‌ಪಿಕ್‌ನಿಂದ ಹರಡಿ. ಅಂಚಿನಿಂದ 2 ಮಿ.ಮೀ. ಬಿಡಿ. ಕ್ಲಿಪ್ ಅನ್ನು ಚಪ್ಪಟೆ ಪಟ್ಟಿ ಮೇಲೆ ಬರುವ ಹಾಗೆ ಹಿಡಿದು, ಬಾಯಿ ಪೂರ್ತಿ ತೆರೆದು, ನಾಲಿಗೆಯನ್ನು ಒಳಗೆ ತೆಗೆದುಕೊಂಡು ಬಿಟ್ಟುಬಿಡಿ. ಬಿಟ್ಟುಬಿಡಿ ಅಂದರೆ ನಿಜವಾಗಿಯೂ ಕೈ ತೆಗೆಯಿರಿ. ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತದೆ. ಅರ್ಧ ನಿಮಿಷ.

ಆಮೇಲೆ ಪಟ್ಟಿಯ ಹೊರಮೈಗೆ ಗಮ್ ಹಚ್ಚಿ. ಓಣಿಯಲ್ಲಿ ಮಲಗಿರುವ ರಿಬ್ಬನ್ ಅನ್ನು ಎತ್ತಿ, ಕ್ಲಿಪ್‌ನ ತುದಿಯ ಮೇಲಿಂದ ಹಿಂದಕ್ಕೆ ಮಡಚಿ, ಸ್ವಲ್ಪ ಬಿಗಿಯಾಗಿ ಎಳೆದು ಬಾಲದ ಕಡೆಗೆ ಕೂರಿಸಿ. ಇಲ್ಲಿ ಒಂದು ಗುಟ್ಟು. ಕಣ್ಣು ಬಾಲದ ಮೇಲೆ ಇಡಬೇಡಿ, ತುದಿಯ ಮಡಿಕೆಯ ಮೇಲೆ ಇಡಿ. ಮಡಿಕೆಯ ಎರಡೂ ಮೂಲೆ ಚೌಕವಾಗಿ ಬಿದ್ದರೆ ರಿಬ್ಬನ್ ತಾನಾಗಿಯೇ ತನ್ನ ನೇರಕ್ಕೆ ಮಲಗುತ್ತದೆ. ಮಡಿಕೆಯಲ್ಲಿ ಅರ್ಧ ಮಿ.ಮೀ. ಓರೆಯಾದರೆ ಬಾಲ ತಲುಪುವ ಹೊತ್ತಿಗೆ ಕಬ್ಬಿಣ ಇಣುಕುತ್ತದೆ. ಒತ್ತುಗೋಲಿನಿಂದ ತುದಿಯಿಂದ ಬಾಲದ ಕಡೆಗೆ ಒಮ್ಮೆ ತೀಡಿ.

ಕೊನೆಯ 12 ಮಿ.ಮೀ.ಗೆ ಕ್ಲಿಪ್ ಅನ್ನು ನಾಲಿಗೆಯಿಂದ ಬಿಡಿಸಿ. ಬಾಲದ ಹೊರಗೆ ಉಳಿದ ಚೂರಿಗೆ ಒಂದು ಹನಿ ಗಮ್ ಹಚ್ಚಿ, ಒಳಕ್ಕೆ ಮಡಚಿ, ಎರಡು ಬಾಲದ ನಡುವೆ ಒತ್ತುಗೋಲು ತೂರಿಸಿ ಹತ್ತು ಎಣಿಸಿ. ಮುಗಿಯಿತು.

ಇನ್ನು ಗಮ್. ಗ್ಲೂ ಗನ್ ಬಳಸುತ್ತಿದ್ದೀರಿ ಅಂದುಕೊಂಡಿದ್ದೇನೆ, ಬೆರಳು ಸುಡುವುದು ಅದರಿಂದಲೇ. ಈ ಕೆಲಸಕ್ಕೆ 7 ಮಿ.ಮೀ. ಕಡ್ಡಿ ಹಾಕುವ ಸಣ್ಣ 20 ವಾಟ್ ಗನ್ ಸಾಕು. ದೊಡ್ಡದರಲ್ಲಿ ಗಮ್ ಜಾಸ್ತಿ ಬರುತ್ತದೆ, ತೆಳು ರಿಬ್ಬನ್‌ನ ಆಚೆಗೂ ಒಸರುತ್ತದೆ. ಬಿಸಿ ಗಮ್ ಕಬ್ಬಿಣದ ಮೇಲೆ ಬಿದ್ದ ಕೂಡಲೇ ಕಬ್ಬಿಣ ಅದರ ಶಾಖವನ್ನು ಎಳೆದುಕೊಳ್ಳುತ್ತದೆ. ಮೇಲೆ ಮೆತ್ತಗೆ ಕಂಡರೂ ಅಡಿಯಲ್ಲಿ ಆಗಲೇ ಗಟ್ಟಿಯಾಗಿರುತ್ತದೆ, ಕಚ್ಚಿಕೊಂಡಿರುವುದಿಲ್ಲ. ಅದಕ್ಕೇ ನಾಲ್ಕು ದಿನ ಆದ ಮೇಲೆ ರಿಬ್ಬನ್ ಗಮ್ ಸಮೇತ ಇಡಿಯಾಗಿ ಎದ್ದು ಬರುವುದು. ಒಳಗಡೆಗೆ ಗಮ್ ಅನ್ನು ರಿಬ್ಬನ್‌ಗೆ ಹಚ್ಚಿ ಅಂದದ್ದು ಇದೇ ಕಾರಣಕ್ಕೆ. ಹೊರಮೈಗೆ ಹಚ್ಚುವ ಮೊದಲು ಹೇರ್ ಡ್ರೈಯರ್‌ನಿಂದ ಕ್ಲಿಪ್ ಅನ್ನು ಒಂದಿಷ್ಟು ಬೆಚ್ಚಗೆ ಮಾಡಿ. ಫ್ಯಾನ್ ಆರಿಸಿ. ಸೆಕೆ ಆಗುತ್ತದೆ, ಗೊತ್ತು. ಆದರೆ ಫ್ಯಾನ್ ಗಾಳಿಗೆ ಗಮ್ ಬೇಗ ಆರುತ್ತದೆ, ಜೇಡರ ಬಲೆಯ ಹಾಗೆ ಎಳೆಎಳೆಯಾಗಿ ಹಾರುತ್ತದೆ.

ಹೊಸ ಕ್ಲಿಪ್‌ನ ಮೇಲೆ ಎಣ್ಣೆಯ ಪಸೆ ಇರುತ್ತದೆ, ಕಾಣುವುದಿಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಒಮ್ಮೆ ಒರೆಸಿ. ಕಿಟಕಿ ತೆರೆದಿಡಿ, ಹತ್ತಿರ ಮೇಣದ ಬತ್ತಿ ಇರಬಾರದು, ಅದು ಬೇಗ ಹೊತ್ತಿಕೊಳ್ಳುವ ದ್ರವ. ಉಪ್ಪು ಕಾಗದದಿಂದ ಕ್ಲಿಪ್ ಉಜ್ಜಿದರೆ ಗಮ್ ಚೆನ್ನಾಗಿ ಹಿಡಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಹಿಡಿಯುತ್ತದೆ, ನಿಜ. ಆದರೆ ಮೇಲಿನ ಲೇಪ ಹೋಗುತ್ತದೆ. ಮುಂಬೈ ಮಳೆಗಾಲದ ಗಾಳಿಯಲ್ಲಿ ಲೇಪ ಹೋದ ಕಬ್ಬಿಣ ತುಕ್ಕು ಹಿಡಿಯಲು ಎಷ್ಟು ಹೊತ್ತು? ತಿಳಿ ಬಣ್ಣದ ರಿಬ್ಬನ್‌ನಲ್ಲಿ ಕಂದು ಕಲೆ ಮೂಡುತ್ತದೆ. ನಾನಂತೂ ಉಜ್ಜುವುದಿಲ್ಲ.

ತಕ್ಷಣ ಹಿಡಿಯುವ ಕ್ವಿಕ್ ಗಮ್ ಬೇಡವೇ ಬೇಡ. ರಿಬ್ಬನ್ ಅದನ್ನು ಹೀರಿಕೊಂಡು ಕಟ್ಟಿಗೆಯ ಹಾಗೆ ಬಿರುಸಾಗುತ್ತದೆ, ಸುತ್ತ ಬಿಳಿ ಮಬ್ಬು ಬರುತ್ತದೆ. ಹತ್ತಿಯ ರಿಬ್ಬನ್ ಆದರೆ ಅದರ ಜೊತೆ ಸೇರಿ ಬಿಸಿಯೇರುತ್ತದೆ, ಚರ್ಮ ಸುಡುವಷ್ಟು. ಮರಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಮಣೆಗೆ ಸರಿ, ಕಬ್ಬಿಣಕ್ಕೆ ಅಲ್ಲ.

ರಿಬ್ಬನ್ ಆರಿಸುವುದರಲ್ಲೂ ಒಂದು ವಿಷಯ ಇದೆ. ಬೋ ಮಾಡಲು ಸ್ಯಾಟಿನ್ ಚಂದ. ಆದರೆ ಕ್ಲಿಪ್‌ನ ಒಳಗೆ ಅಡ್ಡ ಗೆರೆ ಇರುವ ಗ್ರೋಗ್ರೇನ್ ರಿಬ್ಬನ್ ಹಾಕಿ. ಬೆರಳಾಡಿಸಿ ನೋಡಿ, ಸಣ್ಣ ಸಣ್ಣ ಏಣು ಸಿಗುತ್ತದೆ. ಆ ಏಣೇ ಕೂದಲನ್ನು ಹಿಡಿದುಕೊಳ್ಳುವುದು. ಸ್ಯಾಟಿನ್ ಹಾಕಿದ ಕ್ಲಿಪ್ ಎಣ್ಣೆ ಹಚ್ಚಿದ ತಲೆಯಿಂದ ಶಾಲೆಯ ಗೇಟ್ ತಲುಪುವ ಮೊದಲೇ ಜಾರುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಇಲ್ಲದ ದಿನ ಎಲ್ಲಿದೆ ಹೇಳಿ. ಆ ಎಣ್ಣೆ ರಿಬ್ಬನ್‌ಗೆ ಇಳಿದು ಗಮ್ ಸಡಿಲ ಮಾಡುತ್ತದೆ ಕೂಡ. ಎಣ್ಣೆ ಹಚ್ಚಿದ ದಿನಕ್ಕೆ ಬೇರೆ ಕ್ಲಿಪ್ ಇಟ್ಟುಕೊಳ್ಳಿ ಅಂತ ತಾಯಂದಿರಿಗೆ ಹೇಳಿಬಿಡಿ.

ಕತ್ತರಿಸಿದ ತುದಿ ಎಳೆ ಬಿಡದ ಹಾಗೆ ಕಾಯಿಸಬೇಕು. ಮೊದಲು ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕರಗಿ ಗಟ್ಟಿ ಮಣಿಯಂತೆ ಆದರೆ ಪಾಲಿಯೆಸ್ಟರ್ ಅಥವಾ ನೈಲಾನ್, ಕಾಯಿಸಬಹುದು. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ, ಅದಕ್ಕೆ ಅಂಚಿನಲ್ಲಿ ತೆಳುವಾಗಿ ಫೆವಿಕಾಲ್ ಹಚ್ಚಿ ಒಣಗಿಸಿ. ಕಾಯಿಸುವಾಗ ಜ್ವಾಲೆಯ ಹಳದಿ ಭಾಗದ ಹತ್ತಿರ ಹೋಗಬೇಡಿ, ಮಸಿ ಹಿಡಿಯುತ್ತದೆ. ಬುಡದಲ್ಲಿ ನೀಲಿಯಾಗಿ ಕಾಣುತ್ತದಲ್ಲ, ಅದರ ಪಕ್ಕಕ್ಕೆ ತಂದು ಕೂಡಲೇ ಹಿಂದೆ ತೆಗೆಯಿರಿ. ತಾಗಿಸುವುದು ಬೇಡ, ಹತ್ತಿರ ತಂದರೆ ಸಾಕು.

ನಿಮ್ಮ ಲೆಕ್ಕವನ್ನೂ ಹಾಕಿದೆ. 12 ಹುಡುಗಿಯರು, 9 ಬಣ್ಣ, ಜೋಡಿ ಅಂದರೆ 216 ಕ್ಲಿಪ್. ಹೋಲ್‌ಸೇಲ್‌ನಲ್ಲಿ ಗ್ರೋಸ್ ಲೆಕ್ಕದಲ್ಲಿ ಕೊಡುತ್ತಾರೆ, ಗ್ರೋಸ್ ಅಂದರೆ 12 ಡಜನ್, 144. ನಿಮಗೆ ಒಂದೂವರೆ ಗ್ರೋಸ್ ಸರಿಯಾಗಿ ಸಾಕು. ಆದರೂ ಸ್ಪ್ರಿಂಗ್ ಸಡಿಲ ಇರುವುದು ಒಂದೆರಡು ಬಂದೇ ಬರುತ್ತವೆ, ಒಂದು ಡಜನ್ ಜಾಸ್ತಿ ತನ್ನಿ. ಒಂದೊಂದು ಬಣ್ಣಕ್ಕೆ 24 ಕ್ಲಿಪ್, ತಲಾ ಎಂಟೂವರೆ ಸೆಂ.ಮೀ., ಅಂದರೆ 2 ಮೀಟರ್ 4 ಸೆಂ.ಮೀ. ಕತ್ತರಿಸುವಾಗ ಹಾಳಾಗುವುದೂ ಸೇರಿ ಎರಡೂವರೆ ಮೀಟರ್ ತಗೊಳ್ಳಿ. ಬೋಗೆ ಬೇಕಾದ ರಿಬ್ಬನ್ ಇದರಲ್ಲಿ ಸೇರಿಲ್ಲ. ಕ್ಲಿಪ್‌ಗೆ ಸುತ್ತುವ ರಿಬ್ಬನ್ ಬೋ ಬಣ್ಣದ್ದೇ ಇರಲಿ. ಕಪ್ಪು ಹಾಕಿದರೆ ಎಲ್ಲಕ್ಕೂ ಒಂದೇ ರೋಲ್ ಸಾಕು, ಖರ್ಚು ಕಡಿಮೆ, ನಿಜ. ಆದರೆ ಹುಡುಗಿ ಕ್ಲಿಪ್ ಬಿಚ್ಚಿ ಕೈಯಲ್ಲಿ ಹಿಡಿದಾಗ ಒಳಗೂ ಅದೇ ಬಣ್ಣ ಕಂಡರೆ ಅವಳ ಮುಖ ನೋಡಬೇಕು ನೀವು.

ತರಲು ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿಯಿರಿ. ಕ್ರಾಫರ್ಡ್ ಮಾರ್ಕೆಟ್ ನಡೆದು ಹೋಗುವ ದೂರ. ಅದರ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್, ಇನ್ನೂ ಮುಂದೆ ಹೋದರೆ ಭುಲೇಶ್ವರದ ಗಲ್ಲಿಗಳು. ನವರಾತ್ರಿಗೆ ಹತ್ತು ದಿನ ಇರುವಾಗ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ಗಣಪತಿ ಮುಗಿದ ಕೂಡಲೇ ಒಂದು ವಾರದ ದಿನ ಬೆಳಿಗ್ಗೆ ಹೋಗಿ. ಕೈಲಿ ನಿಮ್ಮ ಒಂದು ಕ್ಲಿಪ್ ಮತ್ತು ಒಂದು ಐಸ್‌ಕ್ರೀಮ್ ಕಡ್ಡಿ ಇರಲಿ. ಅಂಗಡಿಯವರು ‘ಇದೇ ಅಳತೆ’ ಅಂತ ಅಂದದ್ದನ್ನು ಹಾಗೇ ನಂಬಬೇಡಿ, ರಿಬ್ಬನ್ ಅನ್ನು ಕಡ್ಡಿಯ ಮೇಲೆ ಇಟ್ಟು ನೋಡಿ. ಕ್ಲಿಪ್‌ನ ಪಟ್ಟಿಗಿಂತ ರಿಬ್ಬನ್ ಎರಡೂ ಕಡೆ ಅರ್ಧ ಅರ್ಧ ಮಿ.ಮೀ. ಜಾಸ್ತಿ ಇದ್ದರೆ ಕಬ್ಬಿಣದ ಅಂಚು ಚರ್ಮಕ್ಕೆ ತಾಗುವುದಿಲ್ಲ. ಕೆಲವು ಮಕ್ಕಳಿಗೆ ನಿಕಲ್ ತಾಗಿದರೆ ಕೆರೆತ, ಕೆಂಪು ಗಂದೆ ಬರುತ್ತದೆ. ರಿಬ್ಬನ್ ಹಾಕುವುದು ಬರೀ ಚಂದಕ್ಕೆ ಅಲ್ಲ.

ಇಷ್ಟು ಕ್ಲಿಪ್‌ಗೆ ಒಂದೇ ಮಣೆ ಇಟ್ಟುಕೊಳ್ಳಬೇಡಿ. ಮೂರು ಮಾಡಿಕೊಳ್ಳಿ. ಮೂರನೆಯದಕ್ಕೆ ಕ್ಲಿಪ್ ಕಚ್ಚಿಸುವ ಹೊತ್ತಿಗೆ ಮೊದಲನೆಯದರ ಗಮ್ ಹಿಡಿದಿರುತ್ತದೆ. ಕೈ ಖಾಲಿ ಕೂರುವುದಿಲ್ಲ. ಒಂದು ಸಂಜೆ ಕತ್ತರಿಸುವುದು, ಒಂದು ಸಂಜೆ ತುದಿ ಕಾಯಿಸುವುದು, ಆಮೇಲೆ ದಿನಕ್ಕೆ ಒಂದು ಬಣ್ಣದ 24. ಹೀಗೆ ಮಾಡಿದರೆ ಅಡುಗೆ, ಮಗಳ ಹೋಮ್‌ವರ್ಕ್ ಎಲ್ಲದರ ನಡುವೆಯೂ ಹನ್ನೊಂದು ದಿನಕ್ಕೆ ಮುಗಿಯುತ್ತದೆ. ಗನ್ ಹಚ್ಚಿದಾಗ ಮಗಳನ್ನು ಹತ್ತಿರ ಕೂರಿಸಬೇಡಿ. ಕತ್ತರಿಸಿದ ತುಂಡು ಎಣಿಸಿ ಬಣ್ಣಬಣ್ಣವಾಗಿ ಜೋಡಿಸುವ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾಳೆ.

ಬಗ್ಗಿಸಿದರೆ ‘ಟಿಕ್’ ಅಂತ ಮುಚ್ಚಿಕೊಳ್ಳುವ ಟಿಕ್‌ಟಾಕ್ ಕ್ಲಿಪ್‌ಗೆ ಈ ನಾಲಿಗೆ ನಡೆಯುವುದಿಲ್ಲ, ಅದರ ಬಾಯಿಯೇ ಬೇರೆ ತರಹ. ಹಲ್ಲಿನ ದವಡೆಯ ಬದಲು ಎರಡು ಕಬ್ಬಿಣದ ಕಡ್ಡಿ ಇರುವ ಅಲಿಗೇಟರ್‌ಗೆ ನಡೆಯುತ್ತದೆ.

ಕೊಡುವ ಮೊದಲು ಪ್ರತಿ ಕ್ಲಿಪ್ ಅನ್ನೂ ಪರೀಕ್ಷೆ ಮಾಡಿ. ಒಂದು ರಾತ್ರಿ ಬಿಟ್ಟು, ಬಾಯಿಯ ಒಳಗಿನ ರಿಬ್ಬನ್ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿ. ಬೋವನ್ನು ಹಿಡಿದು ಗಟ್ಟಿಯಾಗಿ ಎಳೆಯಿರಿ. ಕಿತ್ತು ಬರುವುದಿದ್ದರೆ ನಿಮ್ಮ ಕೈಲೇ ಬರಲಿ, ಮಗುವಿನ ಬಾಯಲ್ಲಿ ಅಲ್ಲ. ಆ 12 ಜನರಲ್ಲಿ 3 ವರ್ಷಕ್ಕಿಂತ ಚಿಕ್ಕವರು ಯಾರಾದರೂ ಇದ್ದರೆ ಅವರ ಕ್ಲಿಪ್‌ಗೆ ಮುತ್ತು, ಮಣಿ, ಗುಂಡಿ ಏನೂ ಅಂಟಿಸಬೇಡಿ, ಬರೀ ರಿಬ್ಬನ್ ಇರಲಿ. ಮಲಗಿಸುವಾಗ ತೆಗೆದಿಡಿ ಅಂತ ಅವರ ಅಮ್ಮನಿಗೆ ಬಾಯಿಬಿಟ್ಟು ಹೇಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕ್ಲಿಪ್ ಬಿಡಬಾರದು ಅಂತಲೂ ಹೇಳಿ, ಆ ಕಾವಿಗೆ ಬಿಸಿ ಗಮ್ ಮತ್ತೆ ಮೆತ್ತಗಾಗುತ್ತದೆ.

ಮೊದಲ ನಾಲಿಗೆ ಮಾಡಿದ ದಿನ ಮೂರೇ ಮೂರು ಕ್ಲಿಪ್ ಮಾಡಿ ನಿಲ್ಲಿಸಿ. ಬೆಳಿಗ್ಗೆ ಮಗಳ ತಲೆಗೆ ಹಾಕಿ ಶಾಲೆಗೆ ಕಳಿಸಿ. ಸಂಜೆ ಅವಳು ಬಂದಾಗ ಮೂರೂ ತಲೆಯಲ್ಲೇ ಇದ್ದು, ಬಿಚ್ಚುವಾಗ ಒಂದು ಕೂದಲೂ ಸಿಕ್ಕಿಕೊಳ್ಳದಿದ್ದರೆ ಉಳಿದ ಎರಡು ಮಣೆ ಮಾಡಲು ಕೂರಿ.